ನೂರಾ ಹನ್ನೆರಡು ಪ್ರಶ್ನೆಗಳ ತಕ್ಕಡಿಯಕ್ಕ

ತಕ್ಕಡಿಯಕ್ಕನ ಮೇಲೆ ದೂರು ಬರೆದವನು ನಾನೇ. ಆಕೆಯನ್ನು ಹೊಗಳಿ ಬರೆಯಲು ಕೂತಿರುವಾಗ ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ಆಮೇಲೆ ಯಾರಾದರೂ ಹೇಳುತ್ತಾರೆ. ಬರೆದ ದಿನ ನನಗೆ ನನ್ನ ಮೇಲೆ ಬಹಳ ಅಭಿಮಾನ ಬಂದಿತ್ತು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ನಮ್ಮದು ಆಹಾರ ಸಂಶೋಧನೆಯ ಒಂದು ಸಣ್ಣ ಕಚೇರಿ. ಕೆಳಗಡೆ ಮುದ್ರಣಾಲಯ, ಮಹಡಿಯ ಮೇಲೆ ನಾವು. ಅವರ ಯಂತ್ರ ಶುರುವಾದರೆ ನಮ್ಮ ಮೇಜಿನ ಮೇಲಿನ ಪೆನ್ನುಗಳು ತಾವೇ ಉರುಳಿಕೊಂಡು ಹೋಗಿ ಕೆಳಗೆ ಬೀಳುತ್ತವೆ. ವಯಸ್ಕರು ಸಾಮಾನ್ಯವಾಗಿ ಏನೇನು ತಿನ್ನುತ್ತಾರೆ ಎಂದು ತಿಳಿಯಲು ನಮ್ಮಲ್ಲಿ ಒಂದು ಪ್ರಶ್ನೆಪಟ್ಟಿ ತಯಾರಾಗಿತ್ತು. ಕಳೆದ ಒಂದು ವರ್ಷದಲ್ಲಿ ಸೊಪ್ಪು ಎಷ್ಟು ಸಲ ತಿಂದಿರಿ, ಮೊಟ್ಟೆ ಎಷ್ಟು ಸಲ, ಕರಿದ ತಿಂಡಿ ಎಷ್ಟು ಸಲ? ದಿನವೂ, ವಾರಕ್ಕೆರಡು ಸಲ, ತಿಂಗಳಿಗೊಮ್ಮೆ, ಇಲ್ಲವೇ ಇಲ್ಲ? ಹೀಗೆ ನೂರಾ ಹನ್ನೆರಡು ಪ್ರಶ್ನೆ. ಇದನ್ನು ಸಾವಿರಾರು ಜನರ ಮುಂದೆ ಇಡುವ ಮೊದಲು, ಇದಕ್ಕೆ ಬರುವ ಉತ್ತರವನ್ನು ನಂಬಬಹುದೇ ಎಂದು ಒರೆಗೆ ಹಚ್ಚಿ ನೋಡಬೇಕಲ್ಲ, ಅದು ನಮ್ಮ ಕೆಲಸ.

ಒರೆಗೆ ಹಚ್ಚುವ ಕ್ರಮ ಕಷ್ಟದ್ದೇನಲ್ಲ. ಒಬ್ಬರಿಗೆ ಪ್ರಶ್ನೆಗಳನ್ನು ಒಮ್ಮೆ ಕೇಳುವುದು. ಆರು ತಿಂಗಳು ಬಿಟ್ಟು ಅದೇ ಪ್ರಶ್ನೆಗಳನ್ನು ಮತ್ತೆ ಕೇಳುವುದು. ನಡುವೆ ನಾಲ್ಕು ಸಲ ಅವರ ಮನೆಗೆ ಹೋಗಿ, ಪ್ರತಿ ಸಲವೂ ಎರಡು ದಿನ ಊಟದ ಹೊತ್ತಿಗೆ ಅಡುಗೆಮನೆಯಲ್ಲಿ ಕೂತು, ತಟ್ಟೆಗೆ ಬಿದ್ದದ್ದನ್ನೆಲ್ಲ ತೂಕ ಮಾಡುವುದು. ಎರಡು ಸಲದ ಉತ್ತರಗಳು ಒಂದಕ್ಕೊಂದು ಎಷ್ಟು ತಾಳೆಯಾಗುತ್ತವೆ, ಉತ್ತರಕ್ಕೂ ತಕ್ಕಡಿಗೂ ಎಷ್ಟು ತಾಳೆಯಾಗುತ್ತದೆ ಎಂದು ನೋಡುವುದು ಕೊನೆಯ ಹೆಜ್ಜೆ. ಆ ಕೊನೆಯ ಹೆಜ್ಜೆ ನನ್ನದು. ನಾನು ತಾಳೆ ನೋಡುವ ಗುಮಾಸ್ತ. ಇಪ್ಪತ್ತೆರಡು ವರ್ಷದಿಂದ ಕೆಂಪು ಪೆನ್ನು ಹಿಡಿದು ಕೂತಿದ್ದೇನೆ, ಕೆಲಸದ ಮೇಲೆ ಒಂದು ದಿನವೂ ಯಾರ ಅಡುಗೆಮನೆಯ ಹೊಸ್ತಿಲನ್ನೂ ದಾಟಿದವನಲ್ಲ. ಜನ ಸುಳ್ಳು ಹೇಳಬಹುದು, ಅಂಕಿ ಹೇಳಲಾರದು ಎಂದು ಗಟ್ಟಿಯಾಗಿ ನಂಬಿದ್ದೆ.

ಮನೆಮನೆಗೆ ಹೋಗುವವರು ಆರು ಜನ. ಅವರಲ್ಲೊಬ್ಬಳು ತಕ್ಕಡಿಯಕ್ಕ. ಆ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಹಾಜರಿ ಪುಸ್ತಕ ಒಂದನ್ನು ಬಿಟ್ಟರೆ ಬೇರೆಲ್ಲೂ ಆಕೆಗೆ ಇನ್ನೊಂದು ಹೆಸರಿರಲಿಲ್ಲ. ನಲವತ್ತಾರು ವರ್ಷ, ದಪ್ಪ ಕನ್ನಡಕ, ಮೆಟ್ಟಿಲು ಹತ್ತುವಾಗಲೂ ನಿಲ್ಲದ ಮಾತು. ಇಲ್ಲಿಗೆ ಬರುವ ಮೊದಲು ಹನ್ನೊಂದು ವರ್ಷ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬಡಿಸುತ್ತಿದ್ದಳು. ಕಾರ್ಖಾನೆಗೆ ಬೀಗ ಬಿತ್ತು, ಸೌಟು ಕೆಳಗಿಟ್ಟು ಇಲ್ಲಿಗೆ ಬಂದಳು. ಸಂದರ್ಶನದ ದಿನ ನಮ್ಮ ನಿರ್ದೇಶಕಿ, ನಾವೆಲ್ಲ ದೊಡ್ಡ ಮೇಡಂ ಅನ್ನುವವರು, ಒಂದು ಪಾತ್ರೆ ಅನ್ನ ತರಿಸಿ, "ಅಂದಾಜಿನ ಮೇಲೆ ನೂರೈವತ್ತು ಗ್ರಾಂ ಹಾಕಿ ನೋಡೋಣ" ಅಂದರಂತೆ. ಆಕೆ ಬಟ್ಟಲಿಗೆ ಹಾಕಿದಳು. ತೂಗಿದರೆ ನೂರಾ ನಲವತ್ತೆಂಟು. "ಎರಡು ಗ್ರಾಂ ಸೌಟಿಗೆ ಅಂಟಿಕೊಂಡಿದೆ ಮೇಡಂ" ಅಂದಳಂತೆ. ಕೆಲಸ ಅಲ್ಲೇ ಸಿಕ್ಕಿತು.

ಆಕೆಯ ಚೀಲದಲ್ಲಿ ಬಸ್ಸು ಓಡಿಸುವ ಗಂಡನ ಹಳೆಯ ಅಂಗಿಯಲ್ಲಿ ಸುತ್ತಿದ ಎಲೆಕ್ಟ್ರಾನಿಕ್ ತಕ್ಕಡಿ, ಮೂರು ಅಳತೆಯ ಬಟ್ಟಲು, ಒಂದು ಗೊಂಚಲು ಚಮಚ, ಒಂದು ಡಬ್ಬಿ ಒಣ ಬಟಾಣಿ. ಬಟಾಣಿ ತಿನ್ನಲಿಕ್ಕಲ್ಲ. "ನಿನ್ನೆ ಎಷ್ಟು ಅನ್ನ ತಿಂದಿರಿ ಅಂತ ಕೇಳಿದ್ರೆ ಸ್ವಲ್ಪ ಅಂತಾರೆ ಸಾರ್. ಸ್ವಲ್ಪ ಅಂದ್ರೆ ಎಷ್ಟು? ಬಟಾಣಿ ಕೊಟ್ಟು ತಟ್ಟೇಲಿ ಹಾಕಿ ತೋರಿಸಿ ಅಂದ್ರೆ, ಕೈ ತಾನಾಗೇ ನಿಜ ಹೇಳುತ್ತೆ."

ತರಬೇತಿಯ ದಿನಗಳಲ್ಲಿ ಈ ವಿದ್ಯೆಯನ್ನೆಲ್ಲ ಮನೆಯವರ ಮೇಲೆ ಪ್ರಯೋಗಿಸಿದಳು. ಗಂಡ ಎರಡನೆಯ ದಿನವೇ ಡಿಪೋದ ಕ್ಯಾಂಟೀನಿನಲ್ಲಿ ಊಟ ಮಾಡಿಕೊಂಡು ಬರತೊಡಗಿದ. ಎಪ್ಪತ್ತೆಂಟರ ಅತ್ತೆ ಮಾತ್ರ ಎದುರಿಗೆ ಕೂತು ಜವಾಬು ಕೊಟ್ಟರು. ಸಕ್ಕರೆ ಎಷ್ಟು ಸಲ ಎಂದರೆ, "ನಾನಾ? ಮುಟ್ಟೋದೇ ಇಲ್ಲ" ಅಂದರಂತೆ, ತುಟಿಯ ಮೇಲೆ ಸಕ್ಕರೆ ಹಾಗೆಯೇ ಹೊಳೆಯುತ್ತಿತ್ತಂತೆ. "ನೀವೇನು ಬರೆದ್ರಿ?" ಎಂದು ನಾನು ಕೇಳಿದೆ. "ಅತ್ತೆ ಹೇಳಿದ್ದನ್ನೇ ಬರೆದೆ. ಪಕ್ಕದಲ್ಲಿ ಡಬ್ಬಿ ತೂಕ ಹಾಕಿ ಅದನ್ನೂ ಬರೆದೆ. ನಾವು ಯಾರನ್ನೂ ಸುಳ್ಳುಗಾರರು ಅನ್ನೋ ಹಾಗಿಲ್ಲ ಸಾರ್, ಎರಡನ್ನೂ ಬರೀಬೇಕು ಅಷ್ಟೆ."

ಆಕೆ ಪ್ರಶ್ನೆ ಕೇಳುವ ರೀತಿಯೇ ಬೇರೆಯಾಗಿತ್ತು. ಉಳಿದವರು ಹೋದ ಕೂಡಲೇ ಪಟ್ಟಿ ಬಿಚ್ಚಿ ಒಂದನೇ ಪ್ರಶ್ನೆ, ಎರಡನೇ ಪ್ರಶ್ನೆ ಎಂದು ಶುರು ಮಾಡುವರು. ಈಕೆ "ನಿಮ್ಮನೇಲಿ ಬೆಳಿಗ್ಗೆ ಯಾರು ಮೊದಲು ಏಳ್ತಾರೆ?" ಎಂದು ಶುರು ಮಾಡುವಳು. ಅಲ್ಲಿಂದ ಹಾಲು ಕಾಯಿಸುವವರು ಯಾರು, ಬಸ್ಸು ತಪ್ಪಿದರೆ ತಿಂಡಿ ಬಿಡುವವರು ಯಾರು, ಸಂಜೆ ಬಿಸ್ಕತ್ತಿನ ಡಬ್ಬಿ ಯಾರ ಮಗ್ಗುಲಲ್ಲಿರುತ್ತದೆ ಎಂದು ಇಡೀ ದಿನವನ್ನು ಸುತ್ತಿಕೊಂಡು ಬರುವಷ್ಟರಲ್ಲಿ ಊಟದ ವಿಷಯ ತಾನೇ ಹೊರಗೆ ಬಂದಿರುತ್ತಿತ್ತು. ಗಂಡಸರಿಗೆ ತಾವು ತಿನ್ನುವುದು ಏನೆಂದು ಗೊತ್ತಿರುವುದಿಲ್ಲ, ಅವಳನ್ನೇ ಕೇಳಿ ಎಂದು ಒಳಗೆ ಕೈ ತೋರಿಸುತ್ತಾರೆ. ಹೆಂಗಸರಿಗೆ ತಾವು ತಿಂದದ್ದು ನೆನಪಿರುವುದಿಲ್ಲ, ಉಳಿದವರು ತಿಂದದ್ದು ಗ್ರಾಂ ಲೆಕ್ಕದಲ್ಲಿ ನೆನಪಿರುತ್ತದೆ. ಈಕೆ ಇಬ್ಬರ ಬಾಯನ್ನೂ ಬಿಡಿಸುತ್ತಿದ್ದಳು.

ಆಕೆಗೆ ಕೊಟ್ಟಿದ್ದು ನೂಲಿನ ಗಿರಣಿಯವರು ಹಿಂದೆ ನೌಕರರಿಗೆಂದು ಕಟ್ಟಿಸಿದ್ದ ನಾಲ್ಕಂತಸ್ತಿನ ಕಟ್ಟಡ. ಅಂತಸ್ತಿಗೆ ಹತ್ತು ಮನೆ, ಒಟ್ಟು ನಲವತ್ತು, ಮನೆಗೆ ಒಬ್ಬ ವಯಸ್ಕರು. ಬಾಗಿಲುಗಳೆಲ್ಲ ಒಂದೇ ಉದ್ದನೆಯ ಪಡಸಾಲೆಗೆ ತೆರೆಯುತ್ತವೆ. ಒಂದು ಮನೆಯಲ್ಲಿ ಒಗ್ಗರಣೆ ಬಿದ್ದರೆ ಹತ್ತು ಮನೆಯವರು ಸೀನುತ್ತಾರೆ. ಆಕೆ ಮೊದಲ ಸುತ್ತಿನ ಪ್ರಶ್ನೆ ಕೇಳಿದಳು, ದಿನಕ್ಕೆ ಅಕ್ಕಪಕ್ಕದ ಮೂರು ಮನೆಯಂತೆ ಸುತ್ತಿ ನಾಲ್ಕು ಸಲ ತೂಕ ಮಾಡಿದಳು, ಆರು ತಿಂಗಳಾದ ಮೇಲೆ ಎರಡನೆಯ ಸುತ್ತನ್ನೂ ಮುಗಿಸಿ ಎಂಬತ್ತು ಫಾರಂಗಳ ಕಟ್ಟನ್ನು ನನ್ನ ಮೇಜಿನ ಮೇಲೆ ತಂದಿಟ್ಟಳು. "ನೋಡಿ ಸಾರ್, ಈ ಸಲ ನಿಮ್ಮ ಕೆಂಪು ಇಂಕು ಉಳಿಯುತ್ತೆ" ಎಂದು ನಕ್ಕು ಹೋದಳು.

ನಿಜಕ್ಕೂ ಉಳಿಯಿತು, ನನ್ನ ಸಂಶಯ ಹುಟ್ಟಿದ್ದೇ ಅಲ್ಲಿಂದ. ಉಳಿದ ಐವರು ತಂದ ಫಾರಂಗಳಲ್ಲಿ ಎರಡು ಸಲದ ಉತ್ತರ ನೂರಾ ಹನ್ನೆರಡರಲ್ಲಿ ಎಪ್ಪತ್ತು ಕಡೆ ತಾಳೆಯಾದರೆ ಅದು ಒಳ್ಳೆಯ ಫಾರಂ. ನನ್ನನ್ನೇ ನನ್ನ ವಯಸ್ಸು ಎರಡು ಸಲ ಕೇಳಿದರೆ ಎರಡು ಉತ್ತರ ಬರುತ್ತದೆ, ಇನ್ನು ವರ್ಷದ ಕುಂಬಳಕಾಯಿ ಯಾರಿಗೆ ನೆನಪಿರಬೇಕು? ತಕ್ಕಡಿಯಕ್ಕನ ಫಾರಂಗಳಲ್ಲಿ ನೂರಾ ಏಳು, ನೂರಾ ಒಂಬತ್ತು, ನೂರಾ ಹತ್ತು. ಮೂರನೇ ಅಂತಸ್ತಿನ ಒಬ್ಬರದು ನೂರಾ ಹನ್ನೆರಡಕ್ಕೆ ನೂರಾ ಹನ್ನೆರಡು. ಎರಡು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಮೂರನೆಯ ದಿನ ದೂರು ಬರೆದೆ: ಎರಡನೆಯ ಸುತ್ತಿನ ಫಾರಂಗಳನ್ನು ಈಕೆ ಮನೆಯಲ್ಲೇ ಕೂತು, ಮೊದಲನೆಯದನ್ನು ನೋಡಿಕೊಂಡು ತುಂಬಿರುವ ಸಂಭವವಿದೆ. ಸಂಭವ ಎಂಬ ಪದ ಹಾಕಿದ್ದು ನನ್ನ ಜಾಣತನ. ಹೆಚ್ಚು ಕಡಿಮೆಯಾದರೆ ನಾನು ಜಾರಿಕೊಳ್ಳಬಹುದಿತ್ತು.

ಇಂಥ ದೂರು ಹುಡುಗಾಟದ್ದಲ್ಲ. ಮನೆಮನೆಗೆ ಹೋಗುವವರೆಲ್ಲ ವರ್ಷದ ಕರಾರಿನವರು. ನಲವತ್ತು ಸರಿಯಾದ ಜೋಡಿ ಫಾರಂಗಳನ್ನು ತಿಂಗಳ ಕೊನೆಯೊಳಗೆ ಒಪ್ಪಿಸಿದವರಿಗೆ ಮಾತ್ರ ಮುಂದಿನ ವರ್ಷದ ಕರಾರು. ಮನೆಯಲ್ಲಿ ಕೂತು ಫಾರಂ ತುಂಬಿದ್ದು ರುಜುವಾತಾದರೆ ಕೆಲಸ ಹೋಗುವುದು ಅತ್ತ ಇರಲಿ, ಆ ಹೆಸರಿನವರನ್ನು ಬೇರೆ ಯಾವ ಸಮೀಕ್ಷೆಯವರೂ ಹತ್ತಿರ ಸೇರಿಸುವುದಿಲ್ಲ. ತಿಂಗಳ ಕೊನೆಗೆ ಇಪ್ಪತ್ತಾರು ದಿನ ಉಳಿದಿತ್ತು.

ದೊಡ್ಡ ಮೇಡಂ ಇಬ್ಬರನ್ನೂ ಕರೆಸಿ ದೂರನ್ನು ಆಕೆಯ ಕೈಗೇ ಕೊಟ್ಟರು. ಮಾತು ನಿಲ್ಲಿಸಿದ್ದನ್ನು ನಾನು ನೋಡಿರದ ಆ ಹೆಂಗಸು ಅದನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಸಾರ್, ಒಂದು ಮಾತು. ತೂಕದ ಹಾಳೆಗಳನ್ನ ನೋಡಿದ್ರಾ?"

"ನೋಡಿದೆ."

"ಅದೂ ಹೀಗೇ ತಾಳೆ ಆಗುತ್ತಾ?"

ಆಗುತ್ತಿರಲಿಲ್ಲ. ಬಾಯಲ್ಲಿ ವಾರಕ್ಕೆ ನಾಲ್ಕು ಸಲ ಸೊಪ್ಪು ಅಂದವರ ತಟ್ಟೆಯಲ್ಲಿ ಎಂಟು ದಿನದಲ್ಲಿ ಒಂದೇ ಸಲ ಸೊಪ್ಪು ಇತ್ತು. ಎಲ್ಲ ಕಡೆಯೂ ಹಾಗೆಯೇ ಇರುತ್ತದೆಂದು ನಾನು ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ.

"ಮನೇಲಿ ಕೂತು ಬರೆಯೋಳಾಗಿದ್ರೆ ಅದನ್ನೂ ಹೊಂದಿಸಿ ಬರೀತಿರಲಿಲ್ವಾ? ಹನ್ನೊಂದು ವರ್ಷ ಬಡಿಸಿದೀನಿ. ಯಾವ ಬಟ್ಟಲಿಗೆ ಎಷ್ಟು ಗ್ರಾಂ ಅಂತ ನನಗೆ ತಕ್ಕಡಿ ಬೇಕಾ?" ಎಂದಳು. ಕೋಪದ ದನಿಯಾಗಿದ್ದರೆ ನಾನೂ ಕೋಪ ಮಾಡಿಕೊಳ್ಳುತ್ತಿದ್ದೆ. ಆಕೆಗೆ ನೋವಾಗಿತ್ತು.

"ಹಾಗಾದ್ರೆ ಇದು ಹೇಗಾಯ್ತು?" ಎಂದೆ.

"ನನಗೂ ಗೊತ್ತಾಗ್ತಿಲ್ಲ. ಉತ್ತರ ಪಟಪಟ ಬರ್ತಿತ್ತು. ಪ್ರಶ್ನೆ ಮುಗಿಯೋಕೆ ಮುಂಚೇನೇ ಹೇಳ್ತಿದ್ರು. ಅಬ್ಬಾ, ಎಂಥಾ ಪ್ರಶ್ನೆಪಟ್ಟಿ ಮಾಡಿದಾರೆ ನಮ್ಮ ಮೇಡಂ ಅಂತ ನಾನು ಖುಷಿಪಟ್ಟೆ. ಬನ್ನಿ ಸಾರ್, ಹೋಗಿ ಕೇಳೋಣ."

"ನಾಳೆ ಬೆಳಿಗ್ಗೆನೇ ಹೋಗಿ. ಹೇಳಿ ಕಳಿಸಬೇಡಿ" ಅಂದರು ದೊಡ್ಡ ಮೇಡಂ.

ಕೆಳಗಿನ ಅಂತಸ್ತಿನ ಮೊದಲ ಮನೆ ಒಬ್ಬ ದರ್ಜಿ ಹೆಂಗಸಿನದು. ತಕ್ಕಡಿಯಕ್ಕನನ್ನು ಕಂಡು ಮುಖ ಅರಳಿಸಿದವಳು ಫಾರಂಗಳ ಕಟ್ಟು ಹಿಡಿದು ಹಿಂದೆ ನಿಂತ ನನ್ನನ್ನು ಕಂಡು ಅಷ್ಟಕ್ಕೇ ನಿಲ್ಲಿಸಿದಳು. ನಾನು ಪೀಠಿಕೆಯಿಲ್ಲದೆ ಕೇಳಿದೆ: "ಕಳೆದ ಒಂದು ವರ್ಷದಲ್ಲಿ ಕ್ಯಾರೆಟ್ ಎಷ್ಟು ಸಲ ತಿಂದಿರಿ?"

"ಒಂದ್ನಿಮಿಷ ಇರಿ" ಎಂದು ಆಕೆ ಹೊಲಿಗೆ ಯಂತ್ರದ ಡ್ರಾಯರಿನಿಂದ ಮೊಬೈಲ್ ತೆಗೆದು, ಬೆರಳಿನಿಂದ ಮೇಲೆ ಕೆಳಗೆ ಸರಿಸಿ, "ವಾರಕ್ಕೆ ಎರಡರಿಂದ ನಾಲ್ಕು ಸಲ" ಅಂದಳು.

ಕತ್ತು ಚಾಚಿ ನೋಡಿದೆ. ಮೊಬೈಲಿನಲ್ಲಿ ಮೊದಲ ಸುತ್ತಿನ ಫಾರಂನ ಫೋಟೋ ಇತ್ತು. ಅಕ್ಷರ ತಕ್ಕಡಿಯಕ್ಕನದೇ.

ತಕ್ಕಡಿಯಕ್ಕ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಫೋಟೋ. ಆವತ್ತು ನಾವು ಹೇಳಿದ್ದು ನಮಗೂ ಒಂದು ಇರಲಿ ಅಂತ ತೆಗೆದ್ರು ಸಾರ್. ಇರಲಿ ಬಿಡು ಅಂತ ನಾನೇ ಬಿಟ್ಟೆ."

ಎರಡನೆಯ ಮನೆಯಲ್ಲೂ ಫೋಟೋ, ಮೂರನೆಯ ಮನೆಯಲ್ಲೂ ಫೋಟೋ. ನಾಲ್ಕನೆಯ ಮನೆಯ ಪೈಂಟರ್ ಮಾತ್ರ ಫೋಟೋ ಇಲ್ಲ ಎಂದು ಎದೆ ಉಬ್ಬಿಸಿ ಹೇಳಿದ. ಆತ ಕಾಗದದ ಮೇಲೆ ಕೈಯಾರೆ ನಕಲು ಮಾಡಿಟ್ಟುಕೊಂಡಿದ್ದ. "ನಮಗೆ ಟೀಚರಮ್ಮ ಹೇಳಿದ್ದು" ಎಂದು ಎಲ್ಲರೂ ಮೇಲಕ್ಕೆ ಬೆರಳು ತೋರಿಸಿದರು.

ಟೀಚರಮ್ಮ ಎರಡನೇ ಅಂತಸ್ತಿನ ನಿವೃತ್ತ ಮುಖ್ಯೋಪಾಧ್ಯಾಯಿನಿ. ಬಿಳಿ ಕೂದಲು, ನೆಟ್ಟಗಿನ ಬೆನ್ನು. ನಮ್ಮನ್ನು ಕೂರಿಸಿ, ಏನೂ ಮುಚ್ಚಿಡದೆ, ಕೊಂಚ ಹೆಮ್ಮೆಯಿಂದಲೇ ಹೇಳಿದರು.

"ಮೊದಲ ಸಲ ಈಕೆ ಬಂದಾಗ ಇದೆಲ್ಲ ಯಾಕಮ್ಮಾ ಅಂತ ಕೇಳಿದೆ. ಇದನ್ನೇ ಆರು ತಿಂಗಳು ಬಿಟ್ಟು ಮತ್ತೆ ಕೇಳ್ತೀವಿ, ಎರಡೂ ತಾಳೆ ಆಗದಿದ್ರೆ ಪ್ರಶ್ನೆಪಟ್ಟಿ ಸರಿಯಿಲ್ಲ ಅಂತ ಎಸೆದುಬಿಡ್ತಾರೆ ಅಂದ್ಲು. ಪ್ರಶ್ನೆಪಟ್ಟಿ ಎಸೆದ್ರೆ ಅದನ್ನ ಹೊತ್ಕೊಂಡು ತಿರುಗೋಳನ್ನ ಇಟ್ಕೋತಾರಾ? ಕಾರ್ಖಾನೆ ಮುಚ್ಚಿ ಒಂದು ಸಲ ಕೆಲಸ ಕಳಕೊಂಡೋಳು. ನಮ್ಮ ಮರೆವಿನಿಂದ ಇನ್ನೊಂದು ಸಲ ಕಳಕೋಬೇಕಾ? ಅದಕ್ಕೇ ಎಲ್ಲರಿಗೂ ಹೇಳ್ದೆ, ಕೊಟ್ಟ ಉತ್ತರ ಇಟ್ಕೊಳ್ಳಿ ಅಂತ. ಎರಡನೇ ಸುತ್ತಿನ ಹಿಂದಿನ ವಾರ ತಾರಸಿ ಮೇಲೆ ಸೇರಿಸಿ ಬಾಯಿಪಾಠ ಮಾಡಿಸ್ದೆ."

"ನಲವತ್ತು ಜನಕ್ಕೂ?" ಎಂದೆ.

"ಒಬ್ಬೊಬ್ಬರದೂ ಬೇರೆ ಬೇರೆ ಉತ್ತರ. ಸುಲಭ ಅಂದ್ಕೊಂಡ್ರಾ? ಈಕೆ ಎದುರಿಗೆ ಮೊಬೈಲ್ ತೆಗೀಬಾರದು ಅಂತ ಕಟ್ಟುನಿಟ್ಟಾಗಿ ಹೇಳಿದ್ದೆ. ನಕಲು ಹೊಡೆಯೋದು ನನಗೆ ಆಗಲ್ಲ." ಟೀಚರಮ್ಮ ಕನ್ನಡಕ ಸರಿಪಡಿಸಿಕೊಂಡರು. "ಮೂರನೇ ಅಂತಸ್ತಿನ ಗಡಿಯಾರದಜ್ಜ ಒಂದೂ ತಪ್ಪಿಲ್ಲದೆ ಹೇಳಿದ್ರಂತೆ. ನಿಮ್ಮ ಆಫೀಸಿನಲ್ಲಿ ಅದನ್ನ ಗಮನಿಸಿದ್ರಾ?"

ಗಮನಿಸಿದ್ದೆವು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ತಕ್ಕಡಿಯಕ್ಕ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡುತ್ತಿದ್ದಳು. ಟೀಚರಮ್ಮ ತಾವು ಮಾಡಿದ್ದು ತಪ್ಪೇ ಎಂದು ನಮ್ಮಿಬ್ಬರ ಮುಖ ನೋಡಿದರು. ಆಕೆ ಹೋಗಿ ಅವರ ಕೈ ಹಿಡಿದುಕೊಂಡಳು.

ಮೆಟ್ಟಿಲಿಳಿಯುವಾಗ ನಾನೇ ಮಾತು ತೆಗೆದೆ. "ನಿಮ್ಮ ಮೇಲಿನ ದೂರು ನಿಲ್ಲಲ್ಲ. ನೀವು ಬಂದು ಕೇಳಿದ್ದು ನಿಜ, ಅವರು ಹೇಳಿದ್ದು ನಿಜ, ಸಹಿನೂ ಅವರದೇ. ನಿಯಮದ ಪ್ರಕಾರ ಫಾರಂ ಸರಿಯಾಗಿದೆ. ಇದನ್ನ ಇಲ್ಲಿಗೇ ಬಿಡೋಣ." ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ತಪ್ಪು ಫಾರಂ ಅನ್ನು ಹೊಟ್ಟೆಗೆ ಹಾಕಿಕೊಳ್ಳಲು ಸಿದ್ಧನಾದದ್ದು ಅದೇ ಮೊದಲು.

ಆಕೆ ಮೆಟ್ಟಿಲ ಮೇಲೇ ಕೂತುಬಿಟ್ಟಳು. "ಕಟ್ಟು ಕೊಡಿ ಸಾರ್" ಎಂದಳು. ಕೊಟ್ಟೆ. "ಪೆನ್ನು ಕೊಡಿ" ಎಂದಳು. ನೀಲಿ ಪೆನ್ನು ಕೊಟ್ಟೆ. "ಇದಲ್ಲ" ಎಂದು ನನ್ನ ಜೇಬಿನಿಂದ ಕೆಂಪು ಪೆನ್ನನ್ನು ತಾನೇ ತೆಗೆದುಕೊಂಡಳು.

"ಹೊಡೆದು ಹಾಕಿದ್ರೆ ನಿಮ್ಮ ಹೆಸರಿನ ಮುಂದೆ ಸೊನ್ನೆ ಬರುತ್ತೆ" ಎಂದೆ. "ಕರಾರಿಗೆ ನಲವತ್ತು ಬೇಕು, ನಿಮಗೆ ಗೊತ್ತು."

"ಗೊತ್ತು ಸಾರ್. ಆದ್ರೆ ನಾಳೆ ಈ ಪಟ್ಟಿ ಸಾವಿರಾರು ಮನೆಗೆ ಹೋಗುತ್ತೆ. ಇದು ಬಹಳ ಚೆನ್ನಾಗಿದೆ, ಜನ ಎರಡು ಸಲಾನೂ ಒಂದೇ ಹೇಳ್ತಾರೆ ಅಂತ ಪುಸ್ತಕದಲ್ಲಿ ಬರೀತಾರೆ. ಅದನ್ನ ನಂಬ್ಕೊಂಡು ಯಾರೋ ಡಾಕ್ಟರು ಯಾರಿಗೋ ಇದು ತಿನ್ನಿ, ಅದು ಬಿಡಿ ಅಂತಾರೆ. ಇವರು ನನ್ನ ಮೇಲಿಟ್ಟ ಪ್ರೀತಿಗೆ ಅವರ ಊಟ ಯಾಕೆ ಕೆಡಬೇಕು?"

ಒಂದೊಂದೇ ಫಾರಂ ತೆಗೆದು ಮೂಲೆಯಿಂದ ಮೂಲೆಗೆ ಗೀಟು ಎಳೆದಳು. ಮೊದಲ ಏಳೆಂಟಕ್ಕೆ ಸರಸರ ಎಳೆದಳು. ಆಮೇಲೆ ಒಂದೊಂದರ ಹೆಸರನ್ನೂ ಓದಿ ಎಳೆದಳು, ಆದರೂ ನಿಲ್ಲಿಸಲಿಲ್ಲ. ಎರಡನೆಯ ಸುತ್ತಿನ ನಲವತ್ತೂ ಮುಗಿಯುವವರೆಗೆ ನಾನು ಎರಡು ಮೆಟ್ಟಿಲು ಕೆಳಗೆ ಗೋಡೆಗೆ ಒರಗಿ ನಿಂತಿದ್ದೆ. ಈ ಹೆಂಗಸಿನ ಮೇಲೆ ನಾನು ದೂರು ಬರೆದೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ದೊಡ್ಡ ಮೇಡಂ ಎಲ್ಲವನ್ನೂ ಕೇಳಿ, ಮೊದಲು ಚೆನ್ನಾಗಿ ನಕ್ಕು, ಆಮೇಲೆ ಕ್ಯಾಲೆಂಡರ್ ನೋಡಿದರು. ಮೊದಲ ಸುತ್ತು ಸರಿಯಾಗಿದೆ, ತೂಕ ಸರಿಯಾಗಿದೆ. ಎರಡನೆಯ ಸುತ್ತನ್ನು ಇನ್ನೊಮ್ಮೆ ಕೇಳಿದರೆ ಜೋಡಿ ಉಳಿಯುತ್ತದೆ. ಪ್ರಶ್ನೆಗಳ ಕ್ರಮ ಹಿಂದುಮುಂದು ಮಾಡಬೇಕು, ಫೋಟೋಗಳನ್ನು ಅಳಿಸಬೇಕು, ಮತ್ತು ಕೇಳುವವರು ತಕ್ಕಡಿಯಕ್ಕ ಆಗಿರಬಾರದು. ಉಳಿದ ಐವರು ತಮ್ಮ ತಮ್ಮ ಬೀದಿಗಳ ಬಾಕಿ ಫಾರಂ ಮುಗಿಸುವುದರಲ್ಲಿದ್ದರು.

"ನೀವೇ ಹೋಗಿ" ಅಂದರು ನನಗೆ.

"ನನಗೆ ಜನರ ಜೊತೆ ಮಾತಾಡೋಕೆ ಬರಲ್ಲ ಮೇಡಂ."

"ಅದಕ್ಕೇ ಹೇಳಿದ್ದು."

ಹೀಗೆ ಐವತ್ತನೆಯ ವಯಸ್ಸಿನಲ್ಲಿ ನಾನು ಚೀಲ ಹೆಗಲಿಗೇರಿಸಿದೆ. ಹೋಗುವ ಹಿಂದಿನ ಸಂಜೆ ತಕ್ಕಡಿಯಕ್ಕ ಟೀಚರಮ್ಮನಿಗೆ ಎಲ್ಲ ವಿವರಿಸಿದ್ದಳು. ಟೀಚರಮ್ಮ ತಾರಸಿಯ ಮೇಲೆ ಮತ್ತೆ ಸಭೆ ಸೇರಿಸಿ, ಫೋಟೋಗಳನ್ನು ತಮ್ಮ ಕಣ್ಣೆದುರಿಗೇ ಅಳಿಸಿ ಹಾಕಿಸಿ, ನನ್ನ ಬಗ್ಗೆ ಒಂದೇ ಮಾತು ಹೇಳಿದರಂತೆ: "ಇವರಿಗೆ ಏನು ಬೇಕಾದ್ರೂ ಹೇಳಿ. ಇವರ ಕೆಲಸ ಖಾಯಂ."

ಅದರ ಪರಿಣಾಮ ಮೊದಲ ಮನೆಯಲ್ಲೇ ಗೊತ್ತಾಯಿತು. ಆಕೆಗೆ ಕುರ್ಚಿ ಹಾಕುತ್ತಿದ್ದ ದರ್ಜಿ ಹೆಂಗಸು ನನಗೆ ಬಟ್ಟೆ ತುಂಡುಗಳ ಮೂಟೆ ತೋರಿಸಿ ಅದರ ಮೇಲೆ ಕೂರಿ ಎಂದಳು. ನಾನು ತಕ್ಕಡಿಯಕ್ಕನ ಹಾಗೆ "ನಿಮ್ಮನೇಲಿ ಬೆಳಿಗ್ಗೆ ಯಾರು ಮೊದಲು ಏಳ್ತಾರೆ?" ಎಂದು ಶುರು ಮಾಡಿ ನೋಡಿದೆ. "ಅದೆಲ್ಲ ನಿಮಗ್ಯಾಕೆ? ಪ್ರಶ್ನೆ ಕೇಳಿ" ಎಂದಳು. ನನ್ನನ್ನು ಮೆಚ್ಚಿಸಬೇಕೆಂದು ಆ ಕಟ್ಟಡದಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಹಾಗಾಗಿ ಎಲ್ಲರೂ ನಿಜ ಹೇಳಿದರು. ಕ್ಯಾರೆಟ್ಟು ಅಗ್ಗವಾದಾಗ, ಸೊಪ್ಪು ಬಿಡಿಸುವ ಪುರುಸೊತ್ತಿದ್ದಾಗ, ಕರಿದ ತಿಂಡಿ ಹೆಂಡತಿಗೆ ಗೊತ್ತಾಗದ ಹಾಗೆ ವಾರಕ್ಕೆ ಮೂರು ಸಲ. "ಹೇಳಿಬಿಟ್ಟೆ ಅಂತ ಬರೀಬೇಡಿ" ಎಂದ ಪೈಂಟರ್. ಬಟ್ಟಲು ಸಣ್ಣದೋ ಮಧ್ಯಮದ್ದೋ ದೊಡ್ಡದೋ ಎಂದರೆ ನಲವತ್ತಕ್ಕೆ ಮೂವತ್ತೆಂಟು ಜನ ಮಧ್ಯಮ ಎಂದರು. ಅದರಲ್ಲಿ ಒಬ್ಬರ ಮಧ್ಯಮ ಬಟ್ಟಲಿನಲ್ಲಿ ನನ್ನ ತಲೆ ಹಿಡಿಸುತ್ತಿತ್ತು. ಆ ಪ್ರಶ್ನೆ ಕೆಟ್ಟ ಪ್ರಶ್ನೆ ಎಂದು ಮೇಜಿನ ಹಿಂದೆ ಕೂತು ನನಗೆ ಎಂದೂ ಹೊಳೆದಿರಲಿಲ್ಲ.

ಗಡಿಯಾರದಜ್ಜನ ಮನೆಗೆ ಕೊನೆಯಲ್ಲಿ ಹೋದೆ. ಎಪ್ಪತ್ತು ದಾಟಿದವರು, ಗಡಿಯಾರ ರಿಪೇರಿ ಮಾಡುತ್ತಿದ್ದವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ನೂರಾ ಹನ್ನೆರಡಕ್ಕೆ ನೂರಾ ಹನ್ನೆರಡು ಇವರದೇ. ಇವರ ತೂಕದ ಹಾಳೆಗಳೂ ಉತ್ತರದ ಜೊತೆ ಚೆನ್ನಾಗಿ ತಾಳೆಯಾಗಿದ್ದವು. ದಿನವೂ ಎರಡು ತರಕಾರಿ, ಬೇಳೆ, ಒಂದು ಹಣ್ಣು. ತಕ್ಕಡಿ ಬಂದ ಎಂಟು ದಿನವೂ ತಟ್ಟೆಯಲ್ಲಿ ಅದೇ ಇತ್ತು.

ನಾನು ಪಟ್ಟಿ ಬಿಚ್ಚಿದೆ. ಅಜ್ಜ ಹತ್ತು ಪ್ರಶ್ನೆಗೆ ಮೊದಲಿನ ಹಾಗೆಯೇ ಉತ್ತರ ಕೊಟ್ಟರು. ಹನ್ನೊಂದನೆಯದಕ್ಕೆ ನಿಲ್ಲಿಸಿದರು.

"ನಿಮಗೆ ಏನು ಬೇಕಾದ್ರೂ ಹೇಳಬಹುದು ಅಂತ ಟೀಚರಮ್ಮ ಅಂದ್ರಲ್ಲ?"

"ಹೇಳಬಹುದು."

"ಹಾಗಾದ್ರೆ ಮೊದಲಿಂದ ಕೇಳಿ. ತರಕಾರಿ ದಿನಾ ಮಾಡಲ್ಲ. ಆಕೆ ತಕ್ಕಡಿ ತರೋ ದಿನ ಮಾಡ್ತೀನಿ. ಹಣ್ಣೂ ಆವತ್ತೇ ತರ್ತೀನಿ. ಬೇರೆ ದಿನ ಬ್ರೆಡ್ಡು, ಹಾಲು, ಮನಸ್ಸಾದ್ರೆ ಒಂದು ಮೊಟ್ಟೆ."

ಯಾಕೆ ಎಂಬ ಪ್ರಶ್ನೆ ನಮ್ಮ ಪಟ್ಟಿಯಲ್ಲಿ ಇಲ್ಲ. ಆದರೂ ಕೇಳಿದೆ.

"ಎದುರಿಗೊಬ್ಬರು ಕೂತು ಎಷ್ಟು ತಿಂದ್ರಿ ಅಂತ ನೋಡ್ತಾರೆ ಅಂದ್ರೆ ಅಡಿಗೆ ಮಾಡೋಣ ಅನ್ನಿಸುತ್ತೆ. ಒಬ್ಬನಿಗೇ ಏನು ಮಾಡ್ಕೊಳ್ಳೋದು?" ಎಂದು ಅಜ್ಜ ನನ್ನ ಪೆನ್ನಿನ ಕಡೆ ನೋಡಿದರು. "ಇದನ್ನ ಬರೀಲೇಬೇಕಾ?"

"ಬರೀಲೇಬೇಕು."

"ಬರೀರಿ. ಆದ್ರೆ ಕೆಂಪಲ್ಲಿ ಬರೀಬೇಡಿ."

ನೀಲಿಯಲ್ಲೇ ಬರೆದೆ. ಆ ಫಾರಂ ಓದಿ ತಕ್ಕಡಿಯಕ್ಕ, "ಎಂಟು ದಿನ ಅವರ ಎದುರಿಗೇ ಕೂತಿದ್ದೆ ಸಾರ್, ನನಗೇ ಗೊತ್ತಾಗ್ಲಿಲ್ಲ" ಎಂದಳು. ಈಗ ಆಕೆ ವಾರಕ್ಕೊಂದು ದಿನ ಮಧ್ಯಾಹ್ನದ ಊಟಕ್ಕೆ ಅಲ್ಲಿಗೇ ಹೋಗುತ್ತಾಳೆ, ಚೀಲವನ್ನು ಕಚೇರಿಯಲ್ಲಿ ಬಿಟ್ಟು. ಟೀಚರಮ್ಮನಿಗೆ ಒಂದು ಅಂತಸ್ತು ಮೇಲೆ ಹತ್ತಬೇಕು, ಆದರೂ ಹತ್ತಿಕೊಂಡು ಬರುತ್ತಾರಂತೆ.

ತಿಂಗಳು ಮುಗಿಯಲು ಎರಡು ದಿನವಿರುವಾಗ ನಲವತ್ತು ಜೋಡಿಗಳ ತಾಳೆ ಮುಗಿಸಿದೆ. ಸರಾಸರಿ ಅರವತ್ತೊಂಬತ್ತು. ಹರಿದು ಚಿಂದಿಯಾದ, ಮರೆವು ತುಂಬಿದ, ಮನುಷ್ಯರು ಕೊಟ್ಟ ಉತ್ತರಗಳು. ತಕ್ಕಡಿಯಕ್ಕನನ್ನು ಕರೆದು ತೋರಿಸಿದೆ. ಇಷ್ಟು ಕಡಿಮೆ ಅಂಕಕ್ಕೆ ಇಬ್ಬರು ಅಷ್ಟು ಸಂತೋಷಪಟ್ಟದ್ದನ್ನು ನಮ್ಮ ಕಚೇರಿ ಅದುವರೆಗೆ ಕಂಡಿರಲಿಲ್ಲ.

ಆದರೆ ಕರಾರಿಗೆ ಸಹಿ ಬೀಳುವ ಮೊದಲು ಆಕೆಯ ಕಡತದಲ್ಲಿದ್ದ ದೂರು ಹೊರಗೆ ಬರಬೇಕಿತ್ತು. ದೂರು ಕೊಟ್ಟವರೇ ಅದನ್ನು ಹಿಂದಕ್ಕೆ ಪಡೆಯಬೇಕು, ಅದಕ್ಕೆ ಒಂದು ನಮೂನೆ ಇದೆ, ನಮೂನೆಯಲ್ಲಿ ಕಾರಣ ಎಂದು ಒಂದು ಖಾಲಿ ಸಾಲು ಇದೆ. ನಾನು ಮೊದಲು ತಾಂತ್ರಿಕ ದೋಷ ಎಂದು ಬರೆದೆ, ಹೊಡೆದು ಹಾಕಿದೆ. ತಪ್ಪು ತಿಳುವಳಿಕೆ ಎಂದು ಬರೆದೆ, ಅದನ್ನೂ ಹೊಡೆದು ಹಾಕಿದೆ. ಮೂರನೆಯ ನಮೂನೆ ತೆಗೆದುಕೊಂಡು ಬರೆದದ್ದನ್ನು ಹಾಗೆಯೇ ದೊಡ್ಡ ಮೇಡಂಗೆ ಒಪ್ಪಿಸಿದೆ.

ಅವರು ಓದಿ ಕನ್ನಡಕ ತೆಗೆದರು. "ಇದು ಕಚೇರಿ ಭಾಷೆ ಅಲ್ಲವಲ್ಲ. ಸ್ವಲ್ಪ ತಿದ್ದಿ ಕೊಡ್ತೀರಾ?"

"ತಿದ್ದಿದ್ರೆ ಸುಳ್ಳಾಗುತ್ತೆ ಮೇಡಂ" ಎಂದೆ.

ಅವರು ಮತ್ತೊಮ್ಮೆ ಓದಿದರು, ಕರಾರಿನ ಕಾಗದವನ್ನು ಹತ್ತಿರ ಎಳೆದುಕೊಂಡು ಸಹಿ ಹಾಕಿದರು, ನನ್ನ ನಮೂನೆಯನ್ನು ಕಡತಕ್ಕೆ ಸೇರಿಸಿದರು. ಕಾರಣ ಎಂಬಲ್ಲಿ ಇದ್ದದ್ದು ಇಷ್ಟೇ: ಈಕೆಯ ಕೆಲಸ ಉಳಿಯಲಿ ಎಂದು ನಲವತ್ತು ಮನೆಯವರು ತಮ್ಮ ಊಟವನ್ನು ಬಾಯಿಪಾಠ ಮಾಡಿದ್ದರು.